ಮುಖವಿಲ್ಲದ ಪಾತ್ರಗಳಿಗೆ ದನಿ ಬಂದ ಬಗೆ

1996ರ ಜೂನ್‌ನಲ್ಲಿ ಅಮೆರಿಕದ ಟೆಕ್ಸಾಸಿನ ಇಡ್ ಸಾಫ್ಟ್‌ವೇರ್ ಕಂಪನಿ 'ಕ್ವೇಕ್' ಎಂಬ ಗೇಮನ್ನು ಮಾರುಕಟ್ಟೆಗೆ ಬಿಟ್ಟಿತು. ಅದೇ ಅಕ್ಟೋಬರ್‌ನಲ್ಲಿ ರೇಂಜರ್ಸ್ ಎಂದು ಕರೆದುಕೊಳ್ಳುತ್ತಿದ್ದ ಆಟಗಾರರ ತಂಡವೊಂದು ಆ ಗೇಮಿನೊಳಗೇ ಒಂದು ಪುಟ್ಟ ಕಥೆಯನ್ನು ಅಭಿನಯಿಸಿ, ದಾಖಲಿಸಿ, ಇಂಟರ್‌ನೆಟ್ಟಿನಲ್ಲಿ ಹಂಚಿತು. 'ಡೈರಿ ಆಫ್ ಎ ಕ್ಯಾಂಪರ್' ಎಂಬ ಆ ತುಣುಕಿನ ಅವಧಿ ಎರಡು ನಿಮಿಷಕ್ಕೂ ಕಡಿಮೆ. ಮೂಲೆಯಲ್ಲಿ ಅವಿತುಕೊಂಡು ಬಂದವರನ್ನೆಲ್ಲ ಹೊಡೆದುರುಳಿಸುವ ಒಬ್ಬ ಆಟಗಾರನನ್ನು ತಂಡದವರು ಸೇರಿ ಮುಗಿಸುತ್ತಾರೆ. ಉರುಳಿದ ತಲೆ ಯಾರದೆಂದು ನೋಡಿದರೆ ಕ್ವೇಕ್ ರೂಪಿಸಿದವರಲ್ಲೊಬ್ಬರಾದ ಜಾನ್ ರೊಮೆರೊ ಅವರದು. ಗೇಮ್‌ಗಳನ್ನೇ ರಂಗಮಂಚ ಮಾಡಿಕೊಂಡು ಸಿನಿಮಾ ತೆಗೆಯುವ ಈ ಕಲೆಗೆ ಮುಂದೆ ಮಶಿನಿಮಾ ಎಂಬ ಹೆಸರು ನಿಂತಿತು. ಅದರ ಇತಿಹಾಸ ಬರೆದವರು ಸಾಮಾನ್ಯವಾಗಿ ಈ ತುಣುಕಿನಿಂದಲೇ ಶುರುಮಾಡುತ್ತಾರೆ. ಆದರೆ ಅದರ ಒಂದು ಲಕ್ಷಣವನ್ನು ಅವರು ಬೇಗ ದಾಟಿಬಿಡುತ್ತಾರೆ. ಆ ತುಣುಕಿನಲ್ಲಿ ಬಂದೂಕು ಸಿಡಿಯುತ್ತದೆ, ಹೆಜ್ಜೆ ಸಪ್ಪಳವಾಗುತ್ತದೆ, ಆದರೆ ಯಾರೊಬ್ಬರೂ ಮಾತಾಡುವುದಿಲ್ಲ. ಪಾತ್ರಗಳ ಮಾತೆಲ್ಲ ಪರದೆಯ ಮೇಲೆ ಬರಹವಾಗಿ ಮೂಡಿ ಮಾಯವಾಗುತ್ತದೆ.

ಮಶಿನಿಮಾದ ಚರಿತ್ರೆಯನ್ನು ಚಿತ್ರದ ಚರಿತ್ರೆಯಾಗಿ ಹೇಳುವುದೇ ವಾಡಿಕೆ. ಯಾವ ಗೇಮ್ ಎಂಜಿನ್ ಯಾವಾಗ ಬಂತು, ಬೆಳಕು ನೆರಳು ಎಷ್ಟು ಸುಧಾರಿಸಿತು, ಕ್ಯಾಮೆರಾವನ್ನು ಆಟಗಾರನ ಕಣ್ಣಿನಿಂದ ಬಿಡಿಸಿದ್ದು ಹೇಗೆ ಎಂಬ ಪ್ರಶ್ನೆಗಳ ಸುತ್ತಲೇ ಆ ಕಥನ ಸುತ್ತುತ್ತದೆ. ಅವು ಸುಳ್ಳಲ್ಲ, ಸಾಲವು. ಗೇಮಿನ ದಾಖಲೆಯನ್ನು ನಾಟಕವನ್ನಾಗಿ, ಒಂದು ಬಾರಿಯ ಚಮತ್ಕಾರವನ್ನು ವರ್ಷಗಟ್ಟಲೆ ಜನ ಕಾದು ನೋಡುವ ಸರಣಿಯನ್ನಾಗಿ ಮಾಡಿದ್ದು ಮನುಷ್ಯರ ದನಿ ಎಂಬುದು ನನ್ನ ವಾದ. ಈ ಕಲೆಯಲ್ಲಿ ದೇಹ, ಉಡುಪು, ಬೆಟ್ಟ, ಕೋಟೆ ಎಲ್ಲವೂ ಕಂಪನಿ ಕೊಟ್ಟದ್ದು. ಹವ್ಯಾಸಿ ತನ್ನ ಸ್ವಂತದ್ದೆಂದು ತಂದದ್ದು ಎರಡೇ: ಬರೆದ ಮಾತು ಮತ್ತು ಅದನ್ನಾಡುವ ಕಂಠ. ಆ ಕಂಠ ಹೇಗೆ ಬಂತು, ಏನನ್ನು ಬದಲಿಸಿತು ಎಂದು ನೋಡಿದರೆ ಈ ಕಲೆಯ ತಿರುವುಗಳು ಬೇರೆಯೇ ರೀತಿಯಲ್ಲಿ ಅರ್ಥವಾಗುತ್ತವೆ.

ಮೊದಲು, ದನಿ ಯಾಕೆ ಇರಲಿಲ್ಲ ಎಂಬುದನ್ನು ನೋಡಬೇಕು. ಕ್ವೇಕ್ ಆಟವನ್ನು ದಾಖಲಿಸಿದಾಗ ಸಿಗುತ್ತಿದ್ದುದು ನಾವು ಇಂದು ಬಲ್ಲ ವಿಡಿಯೊ ಅಲ್ಲ, 'ಡೆಮೊ' ಎಂಬ ಸಣ್ಣ ಕಡತ. ಯಾವ ಕ್ಷಣದಲ್ಲಿ ಯಾರು ಎಲ್ಲಿ ನಿಂತಿದ್ದರು, ಯಾವ ಕಡೆ ತಿರುಗಿದರು, ಯಾವಾಗ ಗುಂಡು ಹಾರಿಸಿದರು ಎಂಬ ಸೂಚನೆಗಳಷ್ಟೇ ಅದರಲ್ಲಿರುತ್ತಿದ್ದವು. ನೋಡುವವನ ಕಂಪ್ಯೂಟರಿನಲ್ಲಿರುವ ಗೇಮ್ ಆ ಸೂಚನೆಗಳನ್ನು ಓದಿ ದೃಶ್ಯವನ್ನು ಮತ್ತೆ ಕಟ್ಟಿಕೊಡುತ್ತಿತ್ತು. ಹಾಗಾಗಿ ಗೇಮಿನಲ್ಲಿ ಮೊದಲೇ ಇದ್ದ ಸದ್ದುಗಳು ಪುಕ್ಕಟೆ ಕೇಳಿಸುತ್ತಿದ್ದವು. ಹೊಸ ಮಾತು ಬೇಕೆಂದರೆ ಆ ಧ್ವನಿ ಕಡತವನ್ನು ಬೇರೆಯಾಗಿ ಕಳುಹಿಸಬೇಕಿತ್ತು. ಕ್ವೇಕ್ ಬಳಸುತ್ತಿದ್ದ ಸಾಧಾರಣ ಗುಣಮಟ್ಟದಲ್ಲಿ, ಅಂದರೆ ಸೆಕೆಂಡಿಗೆ 11,025 ಮಾದರಿಗಳಂತೆ 8 ಬಿಟ್‌ನಲ್ಲಿ, ಒಂದು ನಿಮಿಷದ ಮಾತು ಸುಮಾರು 650 ಕಿಲೊಬೈಟ್ ಆಗುತ್ತದೆ. ಆಗಿನ 28.8 ಕಿಲೊಬಿಟ್ ಮೋಡೆಮ್ ತನ್ನ ಪೂರ್ಣ ವೇಗದಲ್ಲಿ ಓಡಿದರೂ ಅದನ್ನು ಇಳಿಸಿಕೊಳ್ಳಲು ಮೂರು ನಿಮಿಷ ಬೇಕು. ಹತ್ತು ನಿಮಿಷ ಮಾತಿರುವ ನಾಟಕಕ್ಕೆ ಅರ್ಧ ಗಂಟೆ ಫೋನ್ ಲೈನ್ ಹಿಡಿದು ಕೂರಬೇಕು. ಬರಹಕ್ಕಾದರೆ ಈ ಯಾವ ಖರ್ಚೂ ಇರಲಿಲ್ಲ. ಮೊದಲ ಮಶಿನಿಮಾಗಳ ಮೌನ ಹೀಗೆ ಹಾದಿಯ ಇಕ್ಕಟ್ಟಿನಿಂದ ಬಂದದ್ದು. ಅದು ಕಲಾವಿದರ ಆಯ್ಕೆಯಾಗಿರಲಿಲ್ಲ.

ಹಾದಿ ಇಷ್ಟು ಇಕ್ಕಟ್ಟಾಗಿದ್ದರೂ ಜನ ದನಿ ತುಂಬಲು ಹೊರಟರು ಎಂಬುದೇ ನನ್ನ ವಾದಕ್ಕೆ ಮೊದಲ ಸಾಕ್ಷಿ. 1997ರ ಆರಂಭದಲ್ಲಿ ಕ್ಲಾನ್ ಅನ್‌ಡೆಡ್ ಎಂಬ ತಂಡ 'ಆಪರೇಷನ್ ಬೇಶೀಲ್ಡ್' ಹೊರತಂದಿತು. ಮಾತಿಗೆ ತಕ್ಕಂತೆ ತುಟಿಯಾಡಿದ ಹಾಗೆ ಕಾಣಿಸುವ ಏರ್ಪಾಡನ್ನು ಆ ತಂಡದವರೇ ಮಾಡಿಕೊಂಡಿದ್ದರು. ಕ್ವೇಕ್‌ನ ಸೈನಿಕನಿಗೆ ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ, ಗೇಮ್ ಅದನ್ನು ಕೇಳಿರಲೂ ಇಲ್ಲ. ಆದರೂ ಚಿತ್ರವನ್ನು ತಿದ್ದುವ ಆ ದುಡಿಮೆಗೆ ಕಾರಣ ಮಾತು. 1998ರಲ್ಲಿ ನ್ಯೂಯಾರ್ಕಿನ ಇಲ್ ಕ್ಲಾನ್ 'ಅಪಾರ್ಟ್‌ಮೆಂಟ್ ಹಂಟಿನ್' ಮಾಡಿತು. ಲ್ಯಾರಿ ಮತ್ತು ಲೆನ್ನಿ ಎಂಬ ಇಬ್ಬರು ಮರಕಡಿಯುವವರು ಬಾಡಿಗೆ ಮನೆ ಹುಡುಕುತ್ತಾರೆ, ಅಷ್ಟೇ ಕಥೆ. ಗುಂಡಿನ ಕಾಳಗಕ್ಕೆಂದು ಹುಟ್ಟಿದ ಗೇಮಿನಲ್ಲಿ ಹೀಗೆ ಮನೆ ಬಾಡಿಗೆಯ ವಿಷಯ ಮಾತಾಡಿ ನಗಿಸಬಹುದು ಎಂದು ತೋರಿದ್ದು ಆ ತಂಡದ ಆಶುಸಂಭಾಷಣೆಯ ಚಾತುರ್ಯ. ಅದೇ ಪಾತ್ರಗಳು ಕ್ವೇಕ್ 2 ಬಳಸಿದ 'ಹಾರ್ಡ್ಲಿ ವರ್ಕಿನ್' ಚಿತ್ರದಲ್ಲಿ 2000ದಲ್ಲಿ ಮತ್ತೆ ಬಂದವು. 2003ರ ಹೊತ್ತಿಗೆ ಇದೇ ತಂಡ ಫ್ಲಾರಿಡಾ ಚಲನಚಿತ್ರೋತ್ಸವದಲ್ಲಿ ಪ್ರೇಕ್ಷಕರ ಎದುರೇ ಗೇಮನ್ನು ಆಡುತ್ತಾ, ಪಾತ್ರಗಳಿಗೆ ಅಲ್ಲೇ ದನಿ ಕೊಡುತ್ತಾ ಪ್ರದರ್ಶನ ನೀಡಿತು. ಗೇಮಿನ ರೂಪ ಬದಲಾದರೂ ಜನ ಲ್ಯಾರಿ ಲೆನ್ನಿಯರನ್ನು ಗುರುತಿಸಿದರು ಎಂದರೆ, ಆ ಇಬ್ಬರು ಇದ್ದದ್ದು ಚಿತ್ರದಲ್ಲಲ್ಲ, ಮಾತಿನಲ್ಲಿ.

2000ದ ಆಸುಪಾಸಿನಲ್ಲಿ ಒಂದು ದೊಡ್ಡ ಬದಲಾವಣೆಯಾಯಿತು. ಟ್ರಿಟಿನ್ ಫಿಲ್ಮ್ಸ್ ತಂಡ 'ಕ್ವಾಡ್ ಗಾಡ್' ಎಂಬ ಚಿತ್ರವನ್ನು ಕ್ವೇಕ್ 3 ಅರೀನಾದಲ್ಲಿ ಮಾಡಿ, ಡೆಮೊ ಕಡತದ ಬದಲು ಸಾಮಾನ್ಯ ವಿಡಿಯೊ ಕಡತವಾಗಿ ಹಂಚಿತು. ಅಲ್ಲಿಯವರೆಗೆ ಮಶಿನಿಮಾ ನೋಡಲು ಆ ಗೇಮನ್ನು ಕೊಂಡಿರಬೇಕಿತ್ತು; ಇನ್ನು ಮುಂದೆ ಕಂಪ್ಯೂಟರ್ ಇದ್ದ ಯಾರಾದರೂ ನೋಡಬಹುದಾಯಿತು. ಇದನ್ನು ಪ್ರೇಕ್ಷಕರ ಸಂಖ್ಯೆ ಹೆಚ್ಚಿದ ಕಥೆಯಾಗಿ ಹೇಳುತ್ತಾರೆ. ದನಿಯ ಕಡೆಯಿಂದ ನೋಡಿದರೆ ಇದರ ಅರ್ಥ ಇನ್ನೂ ಆಳ. ಡೆಮೊದಲ್ಲಿ ಧ್ವನಿ ಗೇಮಿನ ಹಿಡಿತದಲ್ಲಿತ್ತು. ವಿಡಿಯೊದಲ್ಲಿ ಅದು ಎಡಿಟಿಂಗ್ ಮೇಜಿಗೆ ಬಂತು: ಮಾತನ್ನು ಕತ್ತರಿಸಬಹುದು, ಒಬ್ಬನ ಮಾತಿನ ಮೇಲೆ ಇನ್ನೊಬ್ಬ ಬಾಯಿಹಾಕುವಂತೆ ಜೋಡಿಸಬಹುದು, ನಗು ಬರುವ ಮುಂಚೆ ಅರೆಕ್ಷಣ ತಡೆಯಬಹುದು. ಇದೇ ಕಾಲಕ್ಕೆ ಎಂಪಿ3 ತಂತ್ರ ಧ್ವನಿಯ ಗಾತ್ರವನ್ನು ಸುಮಾರು ಹತ್ತನೇ ಒಂದಕ್ಕೆ ಇಳಿಸಿತ್ತು. 2000ದಲ್ಲೇ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಬಂದು, ಅಗ್ಗದ ಮೈಕು ಇದ್ದವನ ಕೋಣೆಯನ್ನೂ ರೆಕಾರ್ಡಿಂಗ್ ಕೋಣೆಯಾಗಿಸಿತು. ಮಶಿನಿಮಾ ಸರಣಿಯ ಯುಗಕ್ಕೆ ಬೇಕಾದ ನೆಲ ಹದವಾದದ್ದು ಹೀಗೆ.

ಆ ನೆಲದಲ್ಲಿ ಎದ್ದುನಿಂತ ಕೃತಿ 'ರೆಡ್ ವರ್ಸಸ್ ಬ್ಲೂ'. ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಬರ್ನಿ ಬರ್ನ್ಸ್ ಮತ್ತು ಗೆಳೆಯರು, ರೂಸ್ಟರ್ ಟೀತ್ ಎಂಬ ಹೆಸರಿನಲ್ಲಿ, 2003ರ ಏಪ್ರಿಲ್ 1ರಂದು ಇದರ ಮೊದಲ ಕಂತನ್ನು ಬಿಟ್ಟರು. ಎಕ್ಸ್‌ಬಾಕ್ಸ್‌ನ 'ಹೇಲೊ' ಗೇಮಿನ ಬ್ಲಡ್ ಗಲ್ಚ್ ಎಂಬ ಕಣಿವೆಯಲ್ಲಿ ಕೆಂಪು ಪಡೆ, ನೀಲಿ ಪಡೆ ಎದುರುಬದುರು ಕುಳಿತಿವೆ. ಯಾಕೆ ಕಾದಾಡುತ್ತಿದ್ದೇವೆಂದು ಎರಡು ಕಡೆಯವರಿಗೂ ಗೊತ್ತಿಲ್ಲ. ಆರೆಂಟು ಕಂತಿಗೆ ಮುಗಿಸೋಣವೆಂದು ಹೊರಟ ಸರಣಿಯ ಬ್ಲಡ್ ಗಲ್ಚ್ ಭಾಗವೊಂದೇ 2007ರ ಜೂನ್ ಹೊತ್ತಿಗೆ 100 ಕಂತು ಮುಟ್ಟಿತು. ಇಲ್ಲಿ ಗಮನಿಸಬೇಕಾದದ್ದು ಹೇಲೊದ ಸೈನಿಕನ ರೂಪ. ಅಡಿಯಿಂದ ಮುಡಿಯವರೆಗೆ ಕವಚ, ಮುಖದ ಮೇಲೆ ಹೊಳೆಯುವ ಮುಸುಕು. ಎಲ್ಲರಿಗೂ ಒಂದೇ ದೇಹ, ಒಂದೇ ನಡಿಗೆ. ವ್ಯತ್ಯಾಸ ಬಣ್ಣದ್ದು ಮಾತ್ರ. ಯಾರು ಮಾತಾಡುತ್ತಿದ್ದಾರೆಂದು ತಿಳಿಸಲು ಆಟಗಾರರು ತಮ್ಮ ಕೈಯ ಕಂಟ್ರೋಲರ್‌ನಿಂದ ಆ ಪಾತ್ರದ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಿದ್ದರು. ಇಷ್ಟೇ ಇವರ ಅಭಿನಯ ಸಾಮಗ್ರಿ. ಉಳಿದದ್ದೆಲ್ಲ ಕಂಠದ ಕೆಲಸ.

ಆ ಕಂಠಗಳು ಏನು ಮಾಡಿದವು ನೋಡಿ. ಮ್ಯಾಟ್ ಹಲಮ್ ತಮ್ಮ ಸಾರ್ಜೆಂಟನಿಗೆ ಅಮೆರಿಕದ ದಕ್ಷಿಣ ಸೀಮೆಯ ಗಡಸು ಎಳೆತ ಕೊಟ್ಟರು. ಜೋಯಲ್ ಹೇಮನ್ ಅವರ ಕಬೂಸ್ ಲೋಕಜ್ಞಾನವಿಲ್ಲದ ಹುಡುಗನಾದ. ಬರ್ನ್ಸ್ ಅವರ ಚರ್ಚ್ ಸದಾ ರೇಗುವವನಾದರೆ, ಜೆಫ್ ರ್‍ಯಾಮ್ಸಿ ಅವರ ಗ್ರಿಫ್ ಎಂಬವನಿಗೆ ಯಾವ ಕೆಲಸವೂ ಬೇಡ. ಒಂದೇ ಅಚ್ಚಿನಿಂದ ಎರಕಹೊಯ್ದಂತಿದ್ದ ದೇಹಗಳು ಹೀಗೆ ಹತ್ತಿರದ ಪರಿಚಯದವರಂತೆ ಬೇರೆಬೇರೆಯಾದವು. ಟೆಕ್ಸ್ ಎಂಬ ಪಾತ್ರ ಇದಕ್ಕೆ ಅತ್ಯಂತ ಖಚಿತವಾದ ಉದಾಹರಣೆ. ಮೊದಲಿಗೆ ಯಂತ್ರದ ಮೂಲಕ ಬಂದಂಥ ಒಡಕು ದನಿಯಲ್ಲಿ ಮಾತಾಡುವ ಈ ಕಪ್ಪು ಕವಚದ ಯೋಧ ಗಂಡೆಂದೇ ಎಲ್ಲರೂ ತಿಳಿಯುತ್ತಾರೆ. ಆ ದನಿಯ ಮುಸುಕು ಕಳಚಿ ಕ್ಯಾಥ್ಲೀನ್ ಜ್ಯೂಲ್ಕ್ ಅವರ ಸಹಜ ಕಂಠ ಕೇಳಿದಾಗ ಟೆಕ್ಸ್ ಹೆಣ್ಣೆಂದು ತಿಳಿಯುತ್ತದೆ. ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಿಲ್ಲ, ಪಾತ್ರ ಪೂರ್ತಿ ಬದಲಾಗಿದೆ. ವೇಷ, ಕುಣಿತ ಯಾವುದೂ ಇಲ್ಲದೆ ಅರ್ಥಗಾರಿಕೆಯ ಬಲದಲ್ಲೇ ಕರ್ಣನನ್ನೋ ಕೌರವನನ್ನೋ ಎದುರಿಗೆ ನಿಲ್ಲಿಸುವ ತಾಳಮದ್ದಳೆಯನ್ನು ಕೇಳಿ ಬೆಳೆದ ಕರಾವಳಿ ಮಲೆನಾಡಿನವರಿಗೆ ಈ ಸಾಧ್ಯತೆ ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸದ ಕ್ರಮದಲ್ಲೂ ದನಿಯದೇ ಮೊದಲ ಸ್ಥಾನ. ಸಂಭಾಷಣೆಯನ್ನು ಮೊದಲು ದಾಖಲಿಸಿಕೊಂಡು, ಅದಕ್ಕೆ ಹೊಂದುವಂತೆ ಗೇಮಿನಲ್ಲಿ ಪಾತ್ರಗಳನ್ನು ಆಡಿಸುವುದು ಅವರ ಪದ್ಧತಿ. ಹೀಗಾಗಿ ತಲೆಯಾಡಿಸುವ ಲಯ, ಪಾತ್ರ ತಿರುಗುವ ಹೊತ್ತು, ಕ್ಯಾಮೆರಾ ಒಬ್ಬನಿಂದ ಇನ್ನೊಬ್ಬನಿಗೆ ಹೋಗುವ ಗಳಿಗೆ ಎಲ್ಲವೂ ಮಾತಿನ ಏರಿಳಿತಕ್ಕೆ ಅಧೀನ. ಗೇಮಿನ ದೋಷವನ್ನೂ ಅವರು ಮಾತಿಗಾಗಿ ದುಡಿಸಿಕೊಂಡರು. ಹೇಲೊದ ಮೊದಲ ಆವೃತ್ತಿಯಲ್ಲಿ ಪಾತ್ರ ಸದಾ ಬಂದೂಕು ಗುರಿಯಿಟ್ಟೇ ನಿಲ್ಲುತ್ತದೆ. ಇಬ್ಬರು ಹರಟುವಾಗ ಅದು ಅಸಂಗತ. ಆದರೆ ಪಿಸ್ತೂಲು ಹಿಡಿದು ನೆಲಕ್ಕೆ ಗುರಿಯಿಟ್ಟರೆ, ಪಾತ್ರ ಕೈ ಇಳಿಬಿಟ್ಟು ನೇರ ಮುಂದೆ ನೋಡುತ್ತಿರುವಂತೆ ಬೇರೆಯವರ ಪರದೆಯಲ್ಲಿ ಕಾಣುತ್ತಿತ್ತು. ಈ ಸಣ್ಣ ತಪ್ಪಿನಿಂದಲೇ ಶಾಂತವಾಗಿ ನಿಂತು ಮಾತಾಡುವ ಸೈನಿಕರು ಹುಟ್ಟಿದರು. 2004ರಲ್ಲಿ ಹೇಲೊ 2 ಬಂದಾಗ ಅದರ ನಿರ್ಮಾತೃಗಳಾದ ಬಂಜಿಯವರು ಆಯುಧ ಕೆಳಗಿಳಿಸುವ ಸೌಲಭ್ಯವನ್ನು ಮಶಿನಿಮಾ ಮಾಡುವವರಿಗೆಂದೇ ಸೇರಿಸಿದರು. ಗುಂಡು ಹಾರಿಸುವುದಕ್ಕೆಂದೇ ಇರುವ ಗೇಮೊಂದು, ಪಾತ್ರಗಳು ನಿಂತು ಮಾತಾಡಲಿ ಎಂದು ತನ್ನನ್ನು ತಿದ್ದಿಕೊಂಡ ಪ್ರಸಂಗ ಇದು.

ಬೇರೆ ಗೇಮ್‌ಗಳೂ ದನಿಗೆ ಬೇರೆಬೇರೆ ಬಾಗಿಲು ತೆರೆದವು. 1998ರ 'ಹಾಫ್‌ಲೈಫ್'ನಲ್ಲಿ ಧ್ವನಿ ಕಡತದ ಸದ್ದು ಏರಿದಂತೆ ಪಾತ್ರದ ದವಡೆ ತೆರೆದುಕೊಳ್ಳುತ್ತಿತ್ತು. ಹವ್ಯಾಸಿ ತನ್ನ ದನಿಯನ್ನು ಇಟ್ಟರೂ ಅಷ್ಟೇ. 2004ರ ಹಾಫ್‌ಲೈಫ್ 2 ಜೊತೆಗೆ ವಾಲ್ವ್ ಕಂಪನಿ ಕೊಟ್ಟ ಫೇಸ್‌ಪೋಸರ್ ಎಂಬ ಸಲಕರಣೆ ಮಾತಿನ ಧ್ವನಿಮಾಗಳನ್ನು ಗುರುತಿಸಿ ತುಟಿಯನ್ನು ಹೊಂದಿಸುತ್ತಿತ್ತು. ಅದೇ ವರ್ಷದ 'ದಿ ಸಿಮ್ಸ್ 2' ಗೇಮಿನ ಸಮಸ್ಯೆ ಇದಕ್ಕೆ ತದ್ವಿರುದ್ಧ. ಅದರ ಪಾತ್ರಗಳಿಗೆ ಮುಖವಿದೆ, ಕಣ್ಣೀರಿದೆ, ಆಡುವ ಬಾಯಿಯಿದೆ, ಆದರೆ ಅವು ಆಡುವುದು ಸಿಮ್ಲಿಷ್ ಎಂಬ ಅರ್ಥವಿಲ್ಲದ ಕಲ್ಪಿತ ನುಡಿ. ಅಲ್ಲಿ ಸರಣಿ ಮಾಡುವವರು ಆ ಗುಜುಗುಜು ಸದ್ದನ್ನು ತೆಗೆದು ತಮ್ಮ ಮಾತನ್ನು ತುಂಬಬೇಕಾಯಿತು. ಇನ್ನು ಹಾಫ್‌ಲೈಫ್‌ನ ನಾಯಕ ಗಾರ್ಡನ್ ಫ್ರೀಮನ್ ಗೇಮಿನಲ್ಲಿ ಒಂದು ಮಾತೂ ಆಡುವುದಿಲ್ಲ. ರಾಸ್ ಸ್ಕಾಟ್ ಎಂಬ ಹವ್ಯಾಸಿ 2007ರ ಡಿಸೆಂಬರ್‌ನಲ್ಲಿ ಶುರುಮಾಡಿದ 'ಫ್ರೀಮನ್ಸ್ ಮೈಂಡ್' ಸರಣಿಯಲ್ಲಿ ಆ ಮೂಕ ವಿಜ್ಞಾನಿಯ ಮನಸ್ಸಿನ ಮಾತನ್ನು ಒಬ್ಬರೇ ಆಡುತ್ತಾ ಹೋದರು. ಚಿತ್ರದಲ್ಲಿರುವುದು ಸಾವಿರಾರು ಜನ ಆಡಿದ ಅದೇ ಗೇಮು, ಅದೇ ಮೊಗಸಾಲೆ, ಅದೇ ಶತ್ರುಗಳು. ಅದಕ್ಕೆ ಸೇರಿದ್ದು ಅಹಂಕಾರಿಯೂ ಸಿಡುಕನೂ ಆದ ಒಬ್ಬನ ದನಿ ಮಾತ್ರ. ಅಷ್ಟರಿಂದಲೇ ಅದು ಏಳು ವರ್ಷ ನಡೆದು ಗೇಮನ್ನು ಕೊನೆಮುಟ್ಟಿಸಿತು.

ದನಿಯ ಮಹತ್ವಕ್ಕೆ ಕಾನೂನಿನ ಕಡೆಯಿಂದಲೂ ಒಂದು ಸಾಕ್ಷಿಯಿದೆ. ಗೇಮಿನ ಚಿತ್ರಗಳ ಹಕ್ಕು ಕಂಪನಿಯದು. ಹವ್ಯಾಸಿ ಅದನ್ನು ಬಳಸುವುದು ಯಾವತ್ತೂ ತೂಗುಕತ್ತಿಯ ಕೆಳಗಿನ ಕೆಲಸವೇ ಆಗಿತ್ತು. 2007ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮ್‌ಗಳ ಬಳಕೆಗೆ ನಿಯಮಗಳನ್ನು ಪ್ರಕಟಿಸಿತು. ಮಶಿನಿಮಾದವರು ವಿರೋಧಿಸಿದ ಮೇಲೆ, ಎಡಿನ್‌ಬರೋದ ಹ್ಯೂ ಹ್ಯಾಂಕಾಕ್ ಮುಂತಾದವರ ಜೊತೆ ಮಾತಾಡಿ ಅವನ್ನು ತಿದ್ದಿತು. ಹ್ಯಾಂಕಾಕ್ ಆಗಲೇ ಹತ್ತು ವರ್ಷದಿಂದ ಸ್ಟ್ರೇಂಜ್ ಕಂಪನಿ ಎಂಬ ತಂಡ ಕಟ್ಟಿಕೊಂಡು ಈ ಕಲೆಯಲ್ಲಿ ತೊಡಗಿದ್ದವರು. ತಿದ್ದಿದ ನಿಯಮಗಳ ಪ್ರಕಾರ, ಹಣಕ್ಕಲ್ಲದೆ ಮಾಡುವ ಚಿತ್ರಗಳಲ್ಲಿ ಗೇಮಿನ ದೃಶ್ಯಗಳನ್ನು ಬಳಸಬಹುದಿತ್ತು. ಆದರೆ ಗೇಮಿನ ಸದ್ದು ಮತ್ತು ಸಂಗೀತವನ್ನು ಬಳಸುವಂತಿರಲಿಲ್ಲ. ಇದರ ಪರಿಣಾಮ ಯೋಚಿಸಬೇಕಾದದ್ದು. ಕಣ್ಣಿಗೆ ಕಾಣುವುದೆಲ್ಲ ಕಂಪನಿಯ ಕೃಪೆಯಿಂದ ಬಂದದ್ದು, ಕಿವಿಗೆ ಕೇಳುವುದು ಮಾಡುವವರದೇ ಆಗಿರಬೇಕು ಎಂದು ನಿಯಮವೇ ಗೆರೆ ಎಳೆದಂತಾಯಿತು. ಹವ್ಯಾಸಿಯ ಸ್ವಂತ ಆಸ್ತಿ ಎಲ್ಲಿದೆ ಎಂಬ ಪ್ರಶ್ನೆಗೆ ಅಭ್ಯಾಸದಲ್ಲಿ ಮೊದಲೇ ಸಿಕ್ಕಿದ್ದ ಉತ್ತರ ಈಗ ಕಾಗದದ ಮೇಲೂ ಮೂಡಿತು.

ನನ್ನ ಈ ವಾದಕ್ಕೆ ಬಲವಾದ ಆಕ್ಷೇಪವೊಂದು ಫ್ರಾನ್ಸಿನಿಂದ ಬರುತ್ತದೆ. 2005ರ ಅಕ್ಟೋಬರ್ 27ರಂದು ಪ್ಯಾರಿಸ್ ಹೊರವಲಯದ ಕ್ಲಿಶಿ ಸು ಬ್ವಾದಲ್ಲಿ ಪೊಲೀಸರಿಗೆ ಹೆದರಿ ಓಡಿದ ಇಬ್ಬರು ಹದಿಹರೆಯದವರು ವಿದ್ಯುತ್ ಉಪಕೇಂದ್ರದಲ್ಲಿ ಸತ್ತರು. ದೇಶದ ಉದ್ದಗಲಕ್ಕೂ ದಂಗೆಯೆದ್ದಿತು. ಮರುತಿಂಗಳೇ ಅಲೆಕ್ಸ್ ಚಾನ್ ಎಂಬವರು 'ದಿ ಮೂವೀಸ್' ಎಂಬ ಗೇಮ್ ಬಳಸಿ 'ದಿ ಫ್ರೆಂಚ್ ಡೆಮಾಕ್ರಸಿ' ಎಂಬ ಸುಮಾರು 13 ನಿಮಿಷದ ಚಿತ್ರ ಮಾಡಿದರು. ಬಣ್ಣದ ಕಾರಣಕ್ಕೆ ಅವಮಾನಕ್ಕೊಳಗಾದ ಯುವಕರ ಕಥೆ ಅದು. ಅದರಲ್ಲಿ ಕಂಠದಾನವಿಲ್ಲ, ಮಾತೆಲ್ಲ ಇಂಗ್ಲಿಷ್ ಸಬ್‌ಟೈಟಲ್. ಆದರೂ ಅದು ಜಗತ್ತಿನ ಪತ್ರಿಕೆಗಳ ಗಮನ ಸೆಳೆಯಿತು. ದನಿಯಿಲ್ಲದೆಯೂ ಮಶಿನಿಮಾ ಮನಸ್ಸು ಕಲಕಬಲ್ಲದು ಎಂದು ಇದರಿಂದ ಒಪ್ಪಲೇಬೇಕು. ಹಾಡಿಗೆ ಗೇಮಿನ ದೃಶ್ಯ ಹೊಂದಿಸಿದ ಅಸಂಖ್ಯ ಚಿತ್ರಗಳೂ ಅದನ್ನೇ ಹೇಳುತ್ತವೆ. ಆದರೆ ಚಾನ್ ಅವರ ಚಿತ್ರದ ಗುರಿ ಏನೆಂದು ಕೇಳಿಕೊಳ್ಳೋಣ. ತಮ್ಮ ಊರಿನ ಸಂಕಟವನ್ನು ಹೊರಗಿನ ಲೋಕಕ್ಕೆ ಕೂಡಲೇ ತಿಳಿಸಬೇಕಿತ್ತು. ಅದೊಂದು ಕರಪತ್ರದಂತೆ ಕೆಲಸಮಾಡಿತು, ಕರಪತ್ರಕ್ಕೆ ಅಕ್ಷರ ಸಾಕು. ಪಾತ್ರಗಳು ಮುಂದಿನ ವಾರವೂ ಬರಬೇಕು, ಜನ ಅವರಿಗಾಗಿ ಕಾಯಬೇಕು ಎಂದರೆ ಅಕ್ಷರ ಸೋಲುತ್ತದೆ. ಹೆಸರಾಗಿ ಬಾಳಿದ ಸರಣಿಗಳಲ್ಲಿ ಹೆಚ್ಚಿನವು ಮಾತಾಡುವ ಸರಣಿಗಳೇ ಎಂಬುದನ್ನು ನೆನಪಿಟ್ಟರೆ ಈ ಗೆರೆ ಸ್ಪಷ್ಟವಾಗುತ್ತದೆ.

ಎರಡನೆಯ ಆಕ್ಷೇಪ ತಂತ್ರಜ್ಞಾನದ ಪರವಾಗಿರುವವರದು. ಚಿತ್ರ ಸುಧಾರಿಸದಿದ್ದರೆ ದನಿ ಏನು ಮಾಡಬಹುದಿತ್ತು, ಗೇಮ್ ಎಂಜಿನ್‌ಗಳೇ ಮೂಲಕಾರಣವಲ್ಲವೇ ಎಂದು ಅವರು ಕೇಳುತ್ತಾರೆ. ಎಂಜಿನ್ ಇಲ್ಲದೆ ಈ ಕಲೆಯೇ ಇಲ್ಲ, ನಿಜ. ಆದರೆ ಚಿತ್ರದ ಸುಧಾರಣೆಯೇ ಯಶಸ್ಸಿನ ಕಾರಣವಾಗಿದ್ದರೆ, ಮುಖಭಾವ ತೋರಬಲ್ಲ ಗೇಮ್‌ಗಳಲ್ಲಿ ಅತ್ಯಂತ ಜನಪ್ರಿಯ ಸರಣಿ ಹುಟ್ಟಬೇಕಿತ್ತು. ಹುಟ್ಟಿದ್ದು ಮುಖವೇ ಕಾಣದ ಹೇಲೊದಲ್ಲಿ. ರೂಸ್ಟರ್ ಟೀತ್‌ನವರೇ 2004ರಲ್ಲಿ ಸಿಮ್ಸ್ 2 ಬಳಸಿ 'ದಿ ಸ್ಟ್ರೇಂಜರ್‌ಹುಡ್' ಮಾಡಿದರು. ಅಲ್ಲಿ ನಗುವ, ಅಳುವ ಮುಖಗಳಿದ್ದವು, ಆದರೂ ಅದು ರೆಡ್ ವರ್ಸಸ್ ಬ್ಲೂನಷ್ಟು ಬಾಳಲಿಲ್ಲ. ಇನ್ನೊಂದು ದಿಕ್ಕಿನಿಂದಲೂ ಇದನ್ನು ಪರೀಕ್ಷಿಸಬಹುದು. 2010ರಿಂದ ಮಾಂಟಿ ಓಮ್ ಎಂಬ ಪ್ರತಿಭಾವಂತ ಆನಿಮೇಟರ್ ಸೇರಿ ರೆಡ್ ವರ್ಸಸ್ ಬ್ಲೂನ ಕಾಳಗದ ದೃಶ್ಯಗಳಿಗೆ ಗೇಮಿನ ಮಿತಿ ಮೀರಿದ ಚಲನೆ ಕೊಟ್ಟರು. 2012ರಲ್ಲಿ ಹಾಲಿವುಡ್ ನಟ ಎಲಿಜಾ ವುಡ್ ಒಂದು ಪಾತ್ರಕ್ಕೆ ಕಂಠ ಕೊಟ್ಟರು. ಚಿತ್ರ ಹೀಗೆ ಗುರುತು ಸಿಗದಷ್ಟು ಬದಲಾದಾಗಲೂ ಇದು ಅದೇ ಸರಣಿ ಎಂದು ನೋಡುಗ ನಂಬಿದ್ದು, ಮೊದಲ ಕಂತಿನಿಂದ ಕೇಳಿದ ಅವೇ ಹವ್ಯಾಸಿ ಕಂಠಗಳು ಮುಂದುವರಿದದ್ದರಿಂದ.

ಹವ್ಯಾಸಿ ಕಂಠದಾನದ ಗುಣಮಟ್ಟದ ಬಗ್ಗೆಯೂ ದೂರು ಇದೆ. ಕೋಣೆಯ ಪ್ರತಿಧ್ವನಿ, ಮೈಕಿಗೆ ಬಡಿಯುವ ಉಸಿರು, ಒಬ್ಬನ ಮಾತು ಜೋರು ಇನ್ನೊಬ್ಬನದು ಕ್ಷೀಣ, ಬರೆದದ್ದನ್ನು ಓದಿದಂತಿರುವ ಸಂಭಾಷಣೆ: ಈ ದೋಷಗಳು ಸಾವಿರಾರು ಸರಣಿಗಳಲ್ಲಿವೆ, ಅವನ್ನು ಮುಚ್ಚಿಡುವುದು ಬೇಡ. ಪಾತ್ರವರ್ಗದಲ್ಲಿ ಒಬ್ಬೊಬ್ಬರು ಒಂದೊಂದು ದೇಶದಲ್ಲಿ ಕೂತು, ಎದುರಾಳಿಯ ಮಾತು ಕೇಳಿಸಿಕೊಳ್ಳದೆಯೇ ತಮ್ಮ ಪಾಲಿನ ಸಾಲುಗಳನ್ನು ದಾಖಲಿಸಿ ಕಳುಹಿಸಿದಾಗ ಸಂವಾದ ಸಂವಾದವಾಗಿ ಉಳಿಯುವುದು ಕಷ್ಟ. ಆದರೆ ಈ ದೂರು ನನ್ನ ವಾದವನ್ನು ಅಲುಗಾಡಿಸುವ ಬದಲು ಗಟ್ಟಿ ಮಾಡುತ್ತದೆ. ಚಿತ್ರ ಎಲ್ಲರಿಗೂ ಒಂದೇ ಆಗಿರುವ ಕಲೆಯಲ್ಲಿ ಒಳ್ಳೆಯದು ಕೆಟ್ಟದ್ದರ ನಿರ್ಣಯವಾಗುವುದು ದನಿಯಲ್ಲೇ. ಡೆನ್ಮಾರ್ಕಿನ ಮಾರ್ಟಿನ್ ಫಾಲ್ಕ್ 2007ರಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಗೇಮ್ ಬಳಸಿ 'ಟೇಲ್ಸ್ ಆಫ್ ದಿ ಪಾಸ್ಟ್'ನ ಮೂರನೆಯ ಭಾಗವನ್ನು ಪೂರ್ಣಾವಧಿಯ ಚಿತ್ರವಾಗಿ ಮಾಡಿದಾಗ, ಅದು ವೀರಗಾಥೆಯಾಗಿ ನಿಲ್ಲಲು ಬೇಕಾಗಿದ್ದು ಪಾತ್ರಗಳಿಗೆ ಗಾಂಭೀರ್ಯ ತುಂಬಬಲ್ಲ ಕಂಠಗಳು. ಸಂಬಳವಿಲ್ಲದೆ ಆ ಕೆಲಸ ಮಾಡಿದ ಸ್ವಯಂಸೇವಕರ ದೊಡ್ಡ ಬಳಗ ಈ ಕಲೆಯ ಸುತ್ತ ಬೆಳೆಯಿತು. ಅವರಲ್ಲಿ ಅನೇಕರಿಗೆ ಅಭಿನಯದ ಮೊದಲ ಪಾಠಶಾಲೆ ಇದೇ.

ಇಂದಿನ ಆಕ್ಷೇಪ ಇವೆಲ್ಲಕ್ಕಿಂತ ಕಠಿಣ. ಯಂತ್ರವೇ ಮಾತಾಡಬಲ್ಲುದಾದರೆ ಹವ್ಯಾಸಿಯ ಕಂಠ ಏಕೆ ಬೇಕು? 2020ರಲ್ಲಿ 15.ಎಐ ಎಂಬ ಉಚಿತ ಸೇವೆ ಬಂದು, 'ಪೋರ್ಟಲ್' 'ಟೀಮ್ ಫೋರ್ಟ್ರೆಸ್ 2' ಮುಂತಾದ ಗೇಮ್‌ಗಳ ಪಾತ್ರಗಳ ದನಿಯಲ್ಲಿ ಯಾವ ವಾಕ್ಯವನ್ನಾದರೂ ನುಡಿಸಿಕೊಡತೊಡಗಿತು. 2022ರಲ್ಲಿ ಅದು ನಿಂತಿತು, ಆದರೆ ಅದಕ್ಕಿಂತ ಬಲಶಾಲಿಯಾದ ಸೇವೆಗಳು ಬಂದವು. ಸ್ನೇಹಿತರಿಲ್ಲದ, ಮಾತಾಡಲು ಅಂಜುವ ಹುಡುಗನಿಗೂ ಈಗ ಸರಣಿ ಮಾಡುವುದು ಸಾಧ್ಯ ಎಂಬ ವಾದದಲ್ಲಿ ಹುರುಳಿದೆ. ಆದರೆ ಇದರ ಬೆಲೆಯನ್ನೂ ನೋಡಬೇಕು. ಯಂತ್ರ ಕಲಿತುಕೊಂಡ ಕಂಠದ ಒಡೆಯರನ್ನು ಕೇಳದೆ ಅವರ ದನಿಯನ್ನು ನಕಲು ಮಾಡುವುದು ಅವರ ಅನ್ನಕ್ಕೂ ಘನತೆಗೂ ಸಂಬಂಧಿಸಿದ ಪ್ರಶ್ನೆ. ಅಮೆರಿಕದ ನಟರ ಸಂಘ ಸ್ಯಾಗ್ ಆಫ್ಟ್ರಾದ ವಿಡಿಯೊ ಗೇಮ್ ಕಲಾವಿದರು 2024ರ ಜುಲೈನಲ್ಲಿ ಮುಷ್ಕರ ಹೂಡಿ, ಮರುವರ್ಷ ಒಪ್ಪಂದವಾಗುವವರೆಗೆ ಪಟ್ಟುಹಿಡಿದದ್ದು ಮುಖ್ಯವಾಗಿ ಇದೇ ಕಾರಣಕ್ಕೆ. ಕಲೆಯ ದೃಷ್ಟಿಯಿಂದಲೂ ನಷ್ಟವಿದೆ. ಚಿತ್ರ ಕಂಪನಿಯದಾಗಿ, ದನಿ ಯಂತ್ರದ್ದಾದರೆ, ಬರವಣಿಗೆಯೊಂದನ್ನು ಬಿಟ್ಟು ಹವ್ಯಾಸಿಯದೆನ್ನುವುದು ಏನೂ ಉಳಿಯುವುದಿಲ್ಲ. ಇಪ್ಪತ್ತೈದು ವರ್ಷ ಕಷ್ಟಪಟ್ಟು ಗಳಿಸಿದ ಈ ಸ್ವಂತ ಜಾಗವನ್ನು ಸುಲಭವೆಂಬ ಕಾರಣಕ್ಕೆ ಬಿಟ್ಟುಕೊಡುವುದು ಸರಿಯಲ್ಲ ಎಂದು ನಾನು ನಂಬುತ್ತೇನೆ.

ಕನ್ನಡದವರಿಗೆ ಈ ಚರಿತ್ರೆ ದೂರದ್ದಲ್ಲ. 2013ರ ಜಿಟಿಎ 5 ಗೇಮಿನ ದೃಶ್ಯಗಳಿಗೆ ಹಿಂದಿ, ತೆಲುಗು, ಕನ್ನಡ ಮಾತು ಕೂಡಿಸಿದ ಕಥೆಗಳು ಇಂದು ಯೂಟ್ಯೂಬಿನಲ್ಲಿವೆ. ಆ ಗೇಮಿನ ಬೀದಿಗಳು ಅಮೆರಿಕದ ಲಾಸ್ ಏಂಜಲೀಸನ್ನು ಹೋಲುತ್ತವೆ. ಫಲಕಗಳು, ಬಟ್ಟೆಬರೆ, ಕಾರು ಎಲ್ಲ ಅಲ್ಲಿಯವು. ಅಲ್ಲಿ ಕನ್ನಡ ಪ್ರವೇಶಿಸಬಲ್ಲ ಬಾಗಿಲು ದನಿಯೊಂದೇ. ದೊಡ್ಡ ಗೇಮ್ ಕಟ್ಟುವ ಬಂಡವಾಳ ಸಣ್ಣ ಭಾಷೆಗಳಿಗೆ ಸುಲಭವಾಗಿ ಸಿಗದು. ಮಂಡ್ಯದ ಮಾತು, ಧಾರವಾಡದ ಮಾತು, ಮಂಗಳೂರಿನ ಮಾತು ಮೈಕಿನ ಮುಂದೆ ಬರಲು ಬಂಡವಾಳ ಬೇಕಾಗಿಲ್ಲ. ಇದರ ಜೊತೆಗೆ ಇನ್ನೊಂದು ಎಚ್ಚರವೂ ಬೇಕು. 2019ರ ಜನವರಿಯಲ್ಲಿ ಮಶಿನಿಮಾ ಎಂಬ ಹೆಸರಿನದೇ ಕಂಪನಿಯೊಂದರ ಯೂಟ್ಯೂಬ್ ಚಾನೆಲ್ಲಿನ ವಿಡಿಯೊಗಳೆಲ್ಲ ಒಮ್ಮೆಲೇ ಕಣ್ಮರೆಯಾದವು. 2024ರಲ್ಲಿ ರೂಸ್ಟರ್ ಟೀತ್ ಮುಚ್ಚಿತು, ಅದೇ ವರ್ಷದ ಮೇ ತಿಂಗಳಲ್ಲಿ ರೆಡ್ ವರ್ಸಸ್ ಬ್ಲೂನ ಕೊನೆಯ ಭಾಗ ಬಂತು. ಸ್ಟ್ಯಾನ್‌ಫರ್ಡ್ ಗ್ರಂಥಾಲಯದ ಹೆನ್ರಿ ಲೋವುಡ್ ಅವರು ಇಂಟರ್‌ನೆಟ್ ಆರ್ಕೈವ್ ಜೊತೆಗೂಡಿ ಹಳೆಯ ಮಶಿನಿಮಾಗಳನ್ನು ಸಂಗ್ರಹಿಸದಿದ್ದರೆ ಮೊದಲ ಕಾಲದ ಎಷ್ಟೋ ಕೃತಿಗಳು ನಮಗೆ ಉಳಿಯುತ್ತಿರಲಿಲ್ಲ. ಹಾಗಾಗಿ ಈ ಕೆಲಸ ಮಾಡುತ್ತಿರುವ ಕನ್ನಡದ ಹುಡುಗ ಹುಡುಗಿಯರಲ್ಲಿ ನನ್ನ ವಿನಂತಿ ಇಷ್ಟು: ನಿಮ್ಮ ಪಾತ್ರಗಳಿಗೆ ನಿಮ್ಮ ದನಿಯನ್ನೇ ಕೊಡಿ, ನಿಮ್ಮ ಊರಿನ ಮಾತನ್ನೇ ಆಡಿಸಿ, ಕಂಠ ಕೊಟ್ಟವರ ಹೆಸರನ್ನು ತಪ್ಪದೆ ಹಾಕಿ, ಮೂಲ ಧ್ವನಿ ಕಡತಗಳನ್ನು ಚಿತ್ರದಿಂದ ಬೇರೆಯಾಗಿ ಜೋಪಾನ ಮಾಡಿ. ಗೇಮನ್ನು ಕಂಪನಿ ಮತ್ತೆ ಮಾರಬಹುದು, ನಿಮ್ಮ ಮಾತನ್ನು ನಿಮ್ಮ ಹೊರತು ಯಾರೂ ಕಾಯುವುದಿಲ್ಲ.